ಒಂದು ಡಬ್ಬಿ, ಎರಡು ಹೆಸರು: ಲ್ಯಾವೆಂಡರ್ ನಡೆದು ಬಂದ ದಾರಿ

ನೆಗಡಿ ಕಟ್ಟಿಕೊಂಡು ತಲೆ ಭಾರವಾದಾಗಲೆಲ್ಲ ನಮ್ಮ ನಾನಿ ಅಲಮಾರಿನಿಂದ ಒಂದು ಡಬ್ಬಿ ತೆಗೆಯುತ್ತಿದ್ದರು. ಅದರೊಳಗೆ ಕಪ್ಪಗೆ, ಜಿಗುಟಾಗಿ, ಸಿಹಿಯೊಂದಿಗೆ ಒಗರೂ ಬೆರೆತ ಒಂದು ಲೇಹ್ಯ. ರಾತ್ರಿ ಮಲಗುವ ಮುನ್ನ ಒಂದು ಚಮಚ. ಮಕ್ಕಳಾದ ನಾವು ಮುಖ ಸಿಂಡರಿಸಿದರೆ, "ತಿನ್ನು, ಮಿದುಳಿನ ಕಸ ಗುಡಿಸುತ್ತದೆ" ಎನ್ನುತ್ತಿದ್ದರು. ಡಬ್ಬಿಯ ಮೇಲೆ ಉರ್ದುವಿನಲ್ಲಿ ಬರೆದಿದ್ದ ಹೆಸರನ್ನು ಓದುವುದೇ ನಮಗೊಂದು ಆಟ: ಇತ್ರೀಫಲ್ ಉಸ್ತುಖುದ್ದೂಸ್.

ಎಷ್ಟೋ ವರ್ಷಗಳ ನಂತರ ಬೆಂಗಳೂರಿನಲ್ಲಿ ಮಗಳು ನರ್ಸರಿಯಿಂದ ಒಂದು ಪುಟ್ಟ ಕುಂಡ ತಂದು ಬಾಲ್ಕನಿಯಲ್ಲಿಟ್ಟಳು. ಬೂದು ಹಸಿರಿನ ಸಣ್ಣ ಎಲೆಗಳು, ಮುಟ್ಟಿದರೆ ಬೆರಳಿಗೆ ಅಂಟಿಕೊಳ್ಳುವ ಪರಿಮಳ. "ಲ್ಯಾವೆಂಡರ್, ಫ್ರಾನ್ಸಿನ ಗಿಡ" ಎಂದಳು. ಅದರ ಆರೈಕೆ ಹೇಗೆಂದು ತಿಳಿಯಲು ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದಾಗ ನನಗೊಂದು ಅಚ್ಚರಿ ಕಾದಿತ್ತು. ನಾನಿಯ ಡಬ್ಬಿಯಲ್ಲಿದ್ದ ಉಸ್ತುಖುದ್ದೂಸ್ ಬೇರೆ ಯಾವುದೋ ಮೂಲಿಕೆಯಲ್ಲ, ಅದೂ ಲ್ಯಾವೆಂಡರೇ. ವಿದೇಶದಿಂದ ಇಂದು ಬಂದ ಅತಿಥಿ ಎಂದು ನಾವು ಭಾವಿಸಿದ ಗಿಡದ ಕುಲದವರು ನಮ್ಮ ಅಲಮಾರಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದರು. ಹೆಸರು ಬೇರೆಯಾಗಿದ್ದುದರಿಂದ ಗುರುತು ಸಿಕ್ಕಿರಲಿಲ್ಲ, ಅಷ್ಟೆ.

ಹೆಸರಿನ ಜಾಡು

ಲ್ಯಾವೆಂಡರ್ ಎಂಬುದು ಒಂದೇ ಗಿಡವಲ್ಲ. ತುಳಸಿ, ಪುದೀನಾಗಳ ಬಳಗಕ್ಕೆ ಸೇರಿದ ಈ ಕುಲದಲ್ಲಿ ನಲವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅಟ್ಲಾಂಟಿಕ್ ಸಾಗರದ ಕನೇರಿ ದ್ವೀಪಗಳಿಂದ ಹಿಡಿದು ಮೆಡಿಟರೇನಿಯನ್ ತೀರ, ಉತ್ತರ ಆಫ್ರಿಕಾ, ಅರೇಬಿಯಾಗಳನ್ನು ದಾಟಿ ಭಾರತದವರೆಗೂ ಅದರ ನೆಲೆ ಹಬ್ಬಿದೆ. ನಮ್ಮ ದಖ್ಖನ್ ಪ್ರಸ್ಥಭೂಮಿಯ ಕಲ್ಲುನೆಲದಲ್ಲಿ 'ಲ್ಯಾವೆಂಡುಲಾ ಬೈಪಿನ್ನೇಟಾ' ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಕಾಡು ಲ್ಯಾವೆಂಡರೊಂದು ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತದೆ. ಸುಗಂಧ ತೈಲಕ್ಕಾಗಿ ಬೆಳೆಸುವುದು 'ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ' ಎಂಬ ಪ್ರಭೇದವನ್ನು. ಹಕೀಮರ ಉಸ್ತುಖುದ್ದೂಸ್ 'ಲ್ಯಾವೆಂಡುಲಾ ಸ್ಟೋಕಾಸ್'. ಇವೆರಡೂ ಅಕ್ಕ ತಂಗಿಯರು, ಆದರೆ ಒಂದೇ ಅಲ್ಲ. ಸ್ಟೋಕಾಸ್‌ನಲ್ಲಿ ಕರ್ಪೂರದ ಅಂಶ ಹೆಚ್ಚಾಗಿರುವುದರಿಂದ ಅದರ ವಾಸನೆ ಮೂಗಿಗೆ ತುಸು ಖಾರವಾಗಿ ಬಡಿಯುತ್ತದೆ.

ಈ 'ಸ್ಟೋಕಾಸ್' ಎಂಬ ಪದದಲ್ಲಿಯೇ ಕಥೆಯ ಮೊದಲ ಎಳೆ ಇದೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಇಂದಿನ ಟರ್ಕಿಗೆ ಸೇರಿದ ಅನಜಾರ್ಬಸ್ ಎಂಬ ಊರಿನ ಡಯೋಸ್ಕೋರಿಡಿಸ್ ಎಂಬ ವೈದ್ಯ ಔಷಧದ್ರವ್ಯಗಳ ಬಗ್ಗೆ ಗ್ರೀಕ್ ಭಾಷೆಯಲ್ಲಿ ಐದು ಸಂಪುಟಗಳ ಒಂದು ಗ್ರಂಥ ಬರೆದ. ಅದರಲ್ಲಿ ಈ ಗಿಡವನ್ನೂ ವಿವರಿಸಿದ. ದಕ್ಷಿಣ ಫ್ರಾನ್ಸಿನ ತೀರದಾಚೆಗಿನ ದ್ವೀಪಗಳಲ್ಲಿ ಅದು ಬೆಳೆಯುತ್ತದೆ, ಆ ದ್ವೀಪಗಳ ಹೆಸರೇ ಅದಕ್ಕೂ ಬಂದಿದೆ, ಅದರ ಕಷಾಯ ಎದೆಯ ಕಾಯಿಲೆಗಳಿಗೆ ಒಳ್ಳೆಯದು ಎಂದು ದಾಖಲಿಸಿದ. ಮುಂದಿನ ಸಾವಿರದೈನೂರು ವರ್ಷಗಳ ಕಾಲ ಮೂರು ಖಂಡಗಳ ವೈದ್ಯರಿಗೆ ಆ ಗ್ರಂಥವೇ ಆಧಾರವಾಯಿತು.

ಬಗ್ದಾದಿನ ಅನುವಾದಕ

ಒಂಬತ್ತನೆಯ ಶತಮಾನದ ಬಗ್ದಾದ್ ಅನುವಾದದ ಊರು. ಗ್ರೀಕ್, ಸಿರಿಯಾಕ್, ಪಾರಸಿ, ಸಂಸ್ಕೃತ ಗ್ರಂಥಗಳು ಅಲ್ಲಿ ಅರಬಿ ರೂಪ ತಾಳುತ್ತಿದ್ದವು. ಡಯೋಸ್ಕೋರಿಡಿಸನ ಗ್ರಂಥವನ್ನು ಇಸ್ತಿಫಾನ್ ಇಬ್ನ್ ಬಸೀಲ್ ಅರಬಿಗೆ ತಂದರು. ಅದನ್ನು ಪರಿಶೀಲಿಸಿ ತಿದ್ದಿದವರು ಆ ಕಾಲದ ಅನುವಾದಕರಲ್ಲೇ ಹಿರಿಯರಾಗಿದ್ದ ಹುನೈನ್ ಇಬ್ನ್ ಇಸ್‌ಹಾಕ್. ಹುನೈನ್ ಕ್ರೈಸ್ತರು. ಅವರಿಗೆ ಆಶ್ರಯ ನೀಡಿದವರು ಮುಸ್ಲಿಂ ಖಲೀಫರು. ಅವರು ಅನುವಾದಿಸುತ್ತಿದ್ದುದು ಬಹುದೇವತಾರಾಧಕರಾಗಿದ್ದ ಗ್ರೀಕರ ಜ್ಞಾನವನ್ನು. ಔಷಧಿಗೆ ಯಾರೂ ಜಾತಿ ಕೇಳಲಿಲ್ಲ.

ಆದರೆ ಇಸ್ತಿಫಾನರಿಗೆ ಒಂದು ತೊಡಕು ಎದುರಾಯಿತು. ಗ್ರೀಸಿನ, ಗಾಲ್ ದೇಶದ, ಏಷ್ಯಾ ಮೈನರಿನ ನೂರಾರು ಗಿಡಗಳಿಗೆ ಅರಬಿಯಲ್ಲಿ ಏನೆನ್ನಬೇಕು? ಗೊತ್ತಿದ್ದಲ್ಲಿ ಅರಬಿ ಹೆಸರು ಕೊಟ್ಟರು. ಗೊತ್ತಿಲ್ಲದ ಕಡೆ ಏನನ್ನೋ ಊಹಿಸಿ ಬರೆಯಲಿಲ್ಲ. ಗ್ರೀಕ್ ಹೆಸರನ್ನು ಅರಬಿ ಲಿಪಿಯಲ್ಲಿ ಹಾಗೆಯೇ ಬರೆದಿಟ್ಟರು. ತನಗೆ ತಿಳಿಯದ್ದನ್ನು ತಿಳಿದವನೊಬ್ಬನನ್ನು ಅಲ್ಲಾಹನು ಮುಂದೆ ಎಂದಾದರೂ ಕಳಿಸಿಯಾನು ಎಂಬ ಭರವಸೆಯಿಂದ ಅವರು ಹಾಗೆ ಮಾಡಿದರೆಂದು ಹತ್ತನೆಯ ಶತಮಾನದ ಕಾರ್ಡೋಬಾದ ವೈದ್ಯ ಇಬ್ನ್ ಜುಲ್‌ಜುಲ್ ಹೇಳಿದ್ದಾರೆ. ಹಾಗೆ ಗ್ರೀಕ್ ಉಚ್ಚಾರದ ನೆರಳಿನಲ್ಲೇ ಅರಬಿಯಲ್ಲಿ ಉಳಿದ ಹೆಸರುಗಳಲ್ಲಿ 'ಉಸ್ತುಖುದ್ದೂಸ್' ಒಂದು. 'ಸ್ಟೋಖಾದೋಸ್' ಎಂಬ ಗ್ರೀಕ್ ರೂಪವನ್ನು ಅರಬಿ ನಾಲಗೆಯಲ್ಲಿ ನುಡಿದು ನೋಡಿದರೆ ಈ ಹೆಸರು ಕೇಳಿಸುತ್ತದೆ. ನಾನಿಯ ಡಬ್ಬಿಯ ಮೇಲಿದ್ದ ವಿಚಿತ್ರ ಪದ, ಎರಡು ಸಾವಿರ ವರ್ಷ ಹಳೆಯ ಒಂದು ದ್ವೀಪಸಮೂಹದ ಹೆಸರು.

ಕಾರ್ಡೋಬಾದಲ್ಲಿ ಒಂದು ಪುಸ್ತಕ

ಹತ್ತನೆಯ ಶತಮಾನದ ನಡುವೆ ಬೈಝಾಂಟಿಯಮ್‌ನ ಚಕ್ರವರ್ತಿ ಸ್ಪೇನಿನ ಖಲೀಫ ಮೂರನೆಯ ಅಬ್ದುರ್ರಹ್ಮಾನರಿಗೆ ಇದೇ ಗ್ರಂಥದ ಸಚಿತ್ರ ಗ್ರೀಕ್ ಪ್ರತಿಯೊಂದನ್ನು ಉಡುಗೊರೆಯಾಗಿ ಕಳಿಸಿದ. ಪುಸ್ತಕವೇನೋ ಬಂತು, ಓದುವವರಿರಲಿಲ್ಲ. ಕಾರ್ಡೋಬಾದಲ್ಲಿ ಹಳೆಯ ಗ್ರೀಕ್ ಬಲ್ಲವರೇ ಇಲ್ಲವೆಂದು ಖಲೀಫರು ಹೇಳಿ ಕಳಿಸಿದ ಮೇಲೆ, ಕ್ರಿ.ಶ. 951ರಲ್ಲಿ ನಿಕೋಲಸ್ ಎಂಬ ಕ್ರೈಸ್ತ ಸನ್ಯಾಸಿ ಅಲ್ಲಿಗೆ ಬಂದ. ಅವನ ಜೊತೆ ಕುಳಿತವರಲ್ಲಿ ಖಲೀಫರ ಆಸ್ಥಾನದ ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್ ಇದ್ದರು. ಮೂಲಿಕೆಗಳನ್ನು ಬಲ್ಲ ಹಲವು ಮುಸ್ಲಿಂ ವೈದ್ಯರಿದ್ದರು. ಇಸ್ತಿಫಾನ್ ಬಿಟ್ಟುಹೋಗಿದ್ದ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಂಡು, ಇದು ಯಾವ ಗಿಡ, ನಮ್ಮ ಬೆಟ್ಟದಲ್ಲಿ ಸಿಗುತ್ತದೆಯೇ ಎಂದು ಅವರು ಹುಡುಕತೊಡಗಿದರು. ಬಗ್ದಾದಿನ ಅನುವಾದಕನ ಹಾರೈಕೆ ಸುಮಾರು ನೂರು ವರ್ಷಗಳ ನಂತರ, ಎರಡು ಸಾವಿರಕ್ಕೂ ಹೆಚ್ಚು ಮೈಲಿಗಳಾಚೆ ಕೈಗೂಡಿತು. ಅದಕ್ಕೆ ಮೂರು ಧರ್ಮಗಳವರು ಒಂದೇ ಮೇಜಿನ ಸುತ್ತ ಕೂರಬೇಕಾಯಿತು.

ಸ್ಪೇನಿನಲ್ಲಿ ಲ್ಯಾವೆಂಡರ್‌ಗೆ ಮತ್ತೊಂದು ಅರಬಿ ಹೆಸರೂ ಇತ್ತು: 'ಅಲ್ ಖುಝಾಮಾ'. ಒಣಗಿಸಿದ ಹೂವನ್ನು ಬಟ್ಟೆಗಳ ನಡುವೆ ಇಡುವುದು, ಅಗ್ಗಿಷ್ಟಿಕೆಯ ಕೆಂಡಕ್ಕೆ ಉದುರಿಸಿ ಮನೆಗೆ ಹೊಗೆ ಹಾಕುವುದು ಅಲ್ಲಿನ ಗೃಹಿಣಿಯರ ರೂಢಿ. ಬಾಣಂತಿ ಕೋಣೆಗೆ ಲೋಬಾನ ಹಾಕುವ ನಮ್ಮ ಮನೆಗಳಿಗೆ ಇದನ್ನು ಹೊಸದಾಗಿ ವಿವರಿಸಬೇಕಿಲ್ಲ. 1492ರಲ್ಲಿ ಗ್ರನಾಡಾ ಪತನವಾಯಿತು. 1609ರಿಂದ ಆರಂಭಿಸಿ ಕೆಲವೇ ವರ್ಷಗಳಲ್ಲಿ ಮುಸ್ಲಿಂ ಮೂಲದ ಲಕ್ಷಾಂತರ ಜನರನ್ನು ಸ್ಪೇನಿನಿಂದ ಹೊರದಬ್ಬಲಾಯಿತು. ಅವರ ಮನೆಗಳು ಹೋದವು, ಅವರ ಭಾಷೆಯನ್ನು ನಿಷೇಧಿಸಲಾಗಿತ್ತು. ಆದರೆ ಸ್ಪೇನಿನವರು ಈಗಲೂ ಲ್ಯಾವೆಂಡರನ್ನು 'ಅಲುಸೇಮಾ' ಎನ್ನುತ್ತಾರೆ. ಪೋರ್ಚುಗಲ್‌ನವರು 'ಅಲ್ಫಝೇಮಾ' ಎನ್ನುತ್ತಾರೆ. ಮನುಷ್ಯರನ್ನು ಗಡಿಯಾಚೆ ನೂಕಿದ ಆಜ್ಞೆಗೆ ಅಡುಗೆಮನೆಯ, ಬಟ್ಟೆಪೆಟ್ಟಿಗೆಯ ಪದಗಳನ್ನು ನೂಕಲು ಸಾಧ್ಯವಾಗಲಿಲ್ಲ.

ಅದೇ ಸ್ಪೇನಿನ ಮಲಾಗಾದಲ್ಲಿ ಹುಟ್ಟಿದ ಇಬ್ನುಲ್ ಬೈತಾರ್ ಉತ್ತರ ಆಫ್ರಿಕಾ, ಸಿರಿಯಾಗಳಲ್ಲಿ ಗಿಡಗಳನ್ನು ಹುಡುಕುತ್ತಾ ಅಲೆದು, 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡರು. ಸುಮಾರು 1,400 ಔಷಧದ್ರವ್ಯಗಳನ್ನು ವಿವರಿಸುವ ಅವರ ಕೋಶದಲ್ಲಿ ಒಂದೇ ಗಿಡಕ್ಕೆ ಅರಬಿಯಲ್ಲಿ ಏನು, ಗ್ರೀಕ್‌ನಲ್ಲಿ ಏನು, ಬರ್ಬರ್ ಜನ ಏನನ್ನುತ್ತಾರೆ ಎಂಬ ಟಿಪ್ಪಣಿಗಳಿವೆ. ಯಾರು ಹೇಳಿದ್ದು ಎಂಬುದನ್ನೂ ಅವರು ಹೆಸರಿಸಿ ಬರೆದಿದ್ದಾರೆ.

ಇತ್ರೀಫಲ್ ಎಂದರೆ?

ಈಗ ಡಬ್ಬಿಯ ಮೇಲಿನ ಮೊದಲ ಪದಕ್ಕೆ ಬರೋಣ. 'ಇತ್ರೀಫಲ್' ಅರಬಿಯೂ ಅಲ್ಲ, ಗ್ರೀಕೂ ಅಲ್ಲ. ಅದು ನಮ್ಮ 'ತ್ರಿಫಲಾ'. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಎಂಟು, ಒಂಬತ್ತನೆಯ ಶತಮಾನಗಳಲ್ಲಿ ಬರ್ಮಕಿ ಮನೆತನದ ವಜೀರರು ಭಾರತದ ವೈದ್ಯರನ್ನು ಬಗ್ದಾದಿಗೆ ಕರೆಸಿಕೊಂಡಿದ್ದರು. ಮನ್ಕಾ ಎಂಬ ಭಾರತೀಯ ವೈದ್ಯ ಸುಶ್ರುತನ ಗ್ರಂಥವನ್ನು ಅವರಿಗಾಗಿ ವಿವರಿಸಿ ಕೊಟ್ಟನೆಂದು ಅರಬ್ ಗ್ರಂಥಸೂಚಿಗಾರರು ಬರೆದಿಟ್ಟಿದ್ದಾರೆ. ತ್ರಿಫಲಾ ಅಲ್ಲಿ 'ಇತ್ರೀಫಲ್' ಆಗಿ ಅರಬ್ ವೈದ್ಯದೊಳಗೆ ಸೇರಿತು. ಸುಮಾರು 1025ರಲ್ಲಿ ಪೂರ್ಣಗೊಂಡ ಇಬ್ನ್ ಸೀನಾರ 'ಅಲ್ ಖಾನೂನ್' ಗ್ರಂಥದಲ್ಲಿ ಉಸ್ತುಖುದ್ದೂಸಿಗೂ ಜಾಗವಿದೆ, ಇತ್ರೀಫಲ್‌ಗೂ ಜಾಗವಿದೆ.

ಈ ವೈದ್ಯಪದ್ಧತಿ ದೆಹಲಿ ಸುಲ್ತಾನರ ಕಾಲದಿಂದ ಭಾರತದಲ್ಲಿ ಬೇರೂರಿತು. ದಖ್ಖನಿಗೂ ಬಂತು. 'ಯುನಾನಿ' ಎಂದರೆ 'ಗ್ರೀಸಿನದು' ಎಂದೇ ಅರ್ಥ. ಪಾಠವನ್ನು ಯಾರಿಂದ ಕಲಿತೆವು ಎಂಬುದನ್ನು ಸಾವಿರ ವರ್ಷಗಳಾದರೂ ಹೆಸರಿನಲ್ಲೇ ಹೊತ್ತುಕೊಂಡ ವೈದ್ಯ ಇದು. ಹಕೀಮರು ಉಸ್ತುಖುದ್ದೂಸನ್ನು 'ಜಾರೂಬ್-ಎ-ದಿಮಾಗ್', ಅಂದರೆ ಮಿದುಳಿನ ಪೊರಕೆ ಎಂದು ಕರೆದರು. ನಾನಿಯ ಮಾತಿನ ಮೂಲ ಇದೇ. ಅಳಲೆ, ತಾರೆ, ನೆಲ್ಲಿಗಳ ಜೊತೆ ಉಸ್ತುಖುದ್ದೂಸ್, ಗುಲಾಬಿ ದಳ ಮುಂತಾದವನ್ನು ಪುಡಿ ಮಾಡಿ, ಬಾದಾಮಿ ಎಣ್ಣೆ ಸವರಿ, ಜೇನು ಅಥವಾ ಸಕ್ಕರೆ ಪಾಕದಲ್ಲಿ ಕಲಸಿದರೆ ಆ ಕಪ್ಪು ಲೇಹ್ಯ ಸಿದ್ಧ. ಹಳೆಯ ನೆಗಡಿಗೆ, ತಲೆನೋವಿಗೆ ಹಕೀಮರು ಇಂದಿಗೂ ಕೊಡುತ್ತಾರೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಈ ಪದ್ಧತಿಯ ಉನ್ನತ ವ್ಯಾಸಂಗ ನಡೆಯುತ್ತಿದೆ.

ಡಬ್ಬಿಯ ಎರಡೇ ಪದಗಳಲ್ಲಿ ಒಂದು ಸಂಸ್ಕೃತದಿಂದ ಹೊರಟು ಬಗ್ದಾದಿಗೆ ಹೋಗಿ ಮರಳಿದ್ದು; ಇನ್ನೊಂದು ಗ್ರೀಕ್‌ನಿಂದ ಹೊರಟು ಅದೇ ಬಗ್ದಾದಿನ ಮೂಲಕ ನಮ್ಮಲ್ಲಿಗೆ ಬಂದದ್ದು. ಆಯುರ್ವೇದ ಹಿಂದೂಗಳದು, ಯುನಾನಿ ಮುಸ್ಲಿಮರದು ಎಂದು ಔಷಧಿಗೂ ಬೇಲಿ ಹಾಕುವವರು ಈ ಡಬ್ಬಿಯನ್ನು ಯಾವ ಕಡೆಗೆ ಇಡುತ್ತಾರೆ?

'ಇಂಗ್ಲಿಷ್' ಲ್ಯಾವೆಂಡರ್ ಮತ್ತು ಭದರವಾದ ಹೊಲ

ಗಿಡದಿಂದ ಪರಿಮಳವನ್ನು ಬೇರ್ಪಡಿಸುವ ಭಟ್ಟಿಯ ವಿದ್ಯೆ ಪ್ರಾಚೀನ ಅಲೆಕ್ಸಾಂಡ್ರಿಯಾದಲ್ಲೇ ಇತ್ತು. ಅದನ್ನು ಪಳಗಿಸಿ ಬೆಳೆಸಿದವರು ಅರಬರು. ಒಂಬತ್ತನೆಯ ಶತಮಾನದ ಅಲ್ ಕಿಂದಿಯವರು ಸುಗಂಧಗಳ ಬಗ್ಗೆಯೇ ನೂರಕ್ಕೂ ಹೆಚ್ಚು ತಯಾರಿಕಾ ವಿಧಾನಗಳಿರುವ ಒಂದು ಪುಸ್ತಕ ಬರೆದರು. ನಾವು ದಿನವೂ ಆಡುವ 'ಅತ್ತರು' ಅರಬಿಯ 'ಇತ್ರ್'ನಿಂದ ಬಂದದ್ದು. ಈ ವಿದ್ಯೆ ಯುರೋಪಿಗೆ ದಾಟಿ, ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣ ಸುಗಂಧದ ರಾಜಧಾನಿಯಾಯಿತು. ಸುತ್ತಲಿನ ಪ್ರೊವಾನ್ಸ್ ಬೆಟ್ಟಗಳು ಲ್ಯಾವೆಂಡರ್ ಹೊಲಗಳಾದವು. ರೆನೆ ಮಾರಿಸ್ ಗಟೆಫೊಸ್ ಎಂಬ ಫ್ರೆಂಚ್ ರಸಾಯನತಜ್ಞ 1910ರಲ್ಲಿ ಪ್ರಯೋಗಾಲಯದ ಅವಘಡದಲ್ಲಿ ಸುಟ್ಟ ಗಾಯಕ್ಕೆ ಈ ತೈಲ ಬಳಸಿದ ಅನುಭವ, 1937ರ ಅವನ 'ಅರೋಮಾಥೆರಪಿ' ಪುಸ್ತಕದ ಮೂಲಕ ಒಂದು ಹೊಸ ಪದವನ್ನೇ ಚಾಲ್ತಿಗೆ ತಂದಿತು.

ನಮ್ಮಲ್ಲಿ ಹಲವರಿಗೆ ಲ್ಯಾವೆಂಡರ್ ಎಂಬ ಪದ ಮೊದಲು ತಲುಪಿದ್ದು ಯಾರ್ಡ್ಲಿ ಪೌಡರಿನ ಡಬ್ಬಿಯ ಮೂಲಕ, 'ಇಂಗ್ಲಿಷ್ ಲ್ಯಾವೆಂಡರ್' ಎಂಬ ಹೆಸರಿನಲ್ಲಿ. ಸ್ವಾರಸ್ಯವೆಂದರೆ ಆ ಗಿಡ ಇಂಗ್ಲೆಂಡಿನದಲ್ಲ, ಮೆಡಿಟರೇನಿಯನ್ ಬೆಟ್ಟಗಳದು. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಹೆಸರು ಪಡೆಯಿತು. ಇನ್ನೂ ಸ್ವಾರಸ್ಯವೆಂದರೆ, ಆ ಲಂಡನ್ ಬ್ರಾಂಡಿನ ಏಷ್ಯಾದ ವ್ಯವಹಾರವನ್ನು 2009ರಲ್ಲಿ ಕೊಂಡದ್ದು ನಮ್ಮ ಬೆಂಗಳೂರಿನ ವಿಪ್ರೋ.

ಇಂದು ಭಾರತದಲ್ಲಿ ಲ್ಯಾವೆಂಡರಿನ ಮನೆ ಎಂದರೆ ಜಮ್ಮು-ಕಾಶ್ಮೀರದ ದೋಡಾ ಜಿಲ್ಲೆಯ ಭದರವಾ. ಮೆಕ್ಕೆಜೋಳ ಬೆಳೆದು ಕೈ ಸುಟ್ಟುಕೊಂಡಿದ್ದ ಸಣ್ಣ ರೈತರಿಗೆ ಜಮ್ಮುವಿನ ಸರಕಾರಿ ಸಂಶೋಧನಾ ಸಂಸ್ಥೆ ಸಸಿಗಳನ್ನೂ ಭಟ್ಟಿಗಳನ್ನೂ ಒದಗಿಸಿತು. ಮಳೆಯನ್ನೇ ನಂಬಿದ ಇಳಿಜಾರು ನೆಲ, ಚಳಿಯ ಹವೆ, ಒಮ್ಮೆ ನೆಟ್ಟರೆ ಹಲವು ವರ್ಷ ಫಸಲು ಕೊಡುವ ಗಿಡ. ಹೊಂದಾಣಿಕೆ ಚೆನ್ನಾಗಿಯೇ ಆಯಿತು. 2022ರ ಮೇ ತಿಂಗಳಲ್ಲಿ ಅಲ್ಲಿ ದೇಶದ ಮೊದಲ ಲ್ಯಾವೆಂಡರ್ ಉತ್ಸವ ನಡೆಯಿತು. ಬಂದೂಕಿನ ಸುದ್ದಿಗಳಿಂದಲೇ ಹೆಚ್ಚು ಪರಿಚಿತವಾಗಿದ್ದ ಜಿಲ್ಲೆಯೊಂದರ ಹೆಸರು ಹೂವಿನ ಕಾರಣಕ್ಕೆ ಪತ್ರಿಕೆಗಳಲ್ಲಿ ಬಂದುದು ಸಣ್ಣ ಸಂಗತಿಯಲ್ಲ.

ನಮ್ಮ ಮನೆಯ ಕುಂಡದಲ್ಲಿ

ಈ ಹಾದಿಯೆಲ್ಲ ತಿಳಿದ ಮೇಲೆ ಗಿಡದ ಆರೈಕೆ ಸುಲಭವಾಯಿತು. ಕಲ್ಲುನೆಲದ, ಬಿಸಿಲಿನ, ಕಡಿಮೆ ಮಳೆಯ ಬೆಟ್ಟಗಳಿಂದ ಬಂದ ಗಿಡಕ್ಕೆ ಬೇಕಾದದ್ದು ಆ ಬೆಟ್ಟವೇ. ನಮ್ಮ ಕೆಂಪು ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಬೆರೆಸಬೇಕು. ಹುಳಿ ಮಣ್ಣು ಅದಕ್ಕೆ ಒಗ್ಗದು. ಸುಣ್ಣದ ಅಂಶ ಇಷ್ಟ. ಒಂದು ಹಿಡಿ ಮೊಟ್ಟೆಚಿಪ್ಪಿನ ಪುಡಿ ಬೆರೆಸಬಹುದು. ಪ್ಲಾಸ್ಟಿಕ್ ಕುಂಡಕ್ಕಿಂತ ಮಣ್ಣಿನ ಕುಂಡ ಮೇಲು, ತಳದಲ್ಲಿ ತೂತು ಇರಲೇಬೇಕು. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗುತ್ತದೆ, ಹೂವೂ ಪರಿಮಳವೂ ಕಡಿಮೆಯಾಗುತ್ತವೆ.

ಮೊದಲ ಗಿಡ ಸತ್ತದ್ದು ನಮ್ಮ ಪ್ರೀತಿಯಿಂದಲೇ. ಮಗಳು ತುಳಸಿಗೆ ಹಾಕಿದಂತೆ ದಿನವೂ ನೀರು ಹಾಕಿದಳು. ಎಲೆ ಬಾಡಿದಂತೆ ಕಂಡಾಗ ನಾನು ಇನ್ನಷ್ಟು ಹಾಕಿದೆ. ಬೇರು ಕೊಳೆತಿತ್ತು. ಎರಡನೆಯ ಗಿಡಕ್ಕೆ, ಮಣ್ಣಿನೊಳಗೆ ಬೆರಳು ಇಳಿಸಿ ಎರಡು ಇಂಚು ಒಣಗಿದ್ದರೆ ಮಾತ್ರ ನೀರು ಎಂಬ ನಿಯಮ ಮಾಡಿಕೊಂಡೆವು. ಮಳೆಗಾಲದಲ್ಲಿ ಸೂರಿನಡಿಗೆ ಎಳೆದಿಟ್ಟೆವು. ಹೂ ಮುಗಿದ ಮೇಲೆ ಹಸಿರು ಭಾಗದ ಮೂರನೆಯ ಒಂದರಷ್ಟನ್ನು ಸವರಬೇಕು. ಬಲಿತ ಕಟ್ಟಿಗೆಯವರೆಗೆ ಕತ್ತರಿಸಿದರೆ ಮತ್ತೆ ಚಿಗುರುವುದು ಕಷ್ಟ. ಸವರಿದ ಎಳೆಯ ಕಡ್ಡಿಗಳ ಕೆಳಗಿನ ಎಲೆ ಕಿತ್ತು ಮರಳುಮಣ್ಣಿನಲ್ಲಿ ಊರಿದರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತವೆ. ಬೀಜದಿಂದ ಬೆಳೆಸಲು ಹೊರಟರೆ ತಾಳ್ಮೆ ಬೇಕು.

ಒಂದು ಮಾತು ನೇರವಾಗಿ ಹೇಳಬೇಕು. 'ಇಂಗ್ಲಿಷ್' ಪ್ರಭೇದ ಚೆನ್ನಾಗಿ ಹೂ ಬಿಡಲು ಚಳಿ ಬೇಕು. ಬೆಂಗಳೂರಿನಲ್ಲಿ ಅದು ಬದುಕಿದರೂ ಹೂವಿಗೆ ಜಿಪುಣ. ಅಂಚು ಹಲ್ಲುಹಲ್ಲಾಗಿರುವ ಎಲೆಯ 'ಡೆಂಟಾಟಾ' ಪ್ರಭೇದ ನಮ್ಮ ಒಳನಾಡಿನ ಹವೆಗೆ ಹೆಚ್ಚು ಹೊಂದುತ್ತದೆ. ಮಂಗಳೂರು, ಉಡುಪಿಯ ಕಡೆಯ ತೇವದ ಸೆಖೆಯಲ್ಲಿ ಲ್ಯಾವೆಂಡರ್ ಬೆಳೆಸುವುದು ಹರಸಾಹಸವೇ ಸರಿ. ಅಲ್ಲಿಯವರಿಗೆ ಮಲ್ಲಿಗೆ ಇದೆ, ಅದೇನು ಕಡಿಮೆಯೇ?

ಹೂತೆನೆಯ ಕೆಳಗಿನ ಹೂಗಳು ಅರಳುತ್ತಿರುವಾಗ ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ಸಣ್ಣ ಕಂತೆ ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಒಣಗಿದ ಹೂವನ್ನು ತೆಳು ಹತ್ತಿಬಟ್ಟೆಯ ಚೀಲದಲ್ಲಿ ತುಂಬಿ ಉಣ್ಣೆ ಬಟ್ಟೆ, ಶಾಲುಗಳ ನಡುವೆ ಇಟ್ಟರೆ ನುಸಿ ದೂರ. ದಿಂಬಿನ ಪಕ್ಕವೂ ಇಡಬಹುದು. ತೈಲದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಂಗಡಿಯ ಸುಗಂಧ ತೈಲ ಕುಡಿಯುವುದಕ್ಕಲ್ಲ. ಚರ್ಮಕ್ಕೂ ನೇರವಾಗಿ ಹಚ್ಚದೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಬೇಕು. ಮಕ್ಕಳ ಕೈಗೆ, ಬೆಕ್ಕಿನ ಹತ್ತಿರಕ್ಕೆ ಹೋಗಬಾರದು. ಕುಂಡದ ಲ್ಯಾವೆಂಡರೇ ಉಸ್ತುಖುದ್ದೂಸ್ ಎಂದುಕೊಂಡು ಮನೆಯಲ್ಲೇ ಲೇಹ್ಯ ಮಾಡಲು ಹೊರಡಬಾರದು. ಮೊದಲೇ ಹೇಳಿದಂತೆ ಅವು ಬೇರೆ ಪ್ರಭೇದಗಳು. ಗರ್ಭಿಣಿಯರು, ಬೇರೆ ಔಷಧಿ ಸೇವಿಸುವವರು ಅಂಗಡಿಯ ಲೇಹ್ಯವನ್ನೂ ಬಲ್ಲವರನ್ನು ಕೇಳದೆ ತಿನ್ನಬಾರದು.

ಎರಡನೆಯ ಗಿಡ ಈಗ ಚೆನ್ನಾಗಿದೆ. ಕುಂಡಕ್ಕೆ ಹೆಸರಿನ ಚೀಟಿ ಅಂಟಿಸುವಾಗ ಮಗಳು ಕೇಳಿದಳು: "ಏನು ಬರೀಲಿ ಅಬ್ಬಾ, ಲ್ಯಾವೆಂಡರ್ ಅಂತಲೋ, ಖುಝಾಮಾ ಅಂತಲೋ? ಕನ್ನಡದಲ್ಲಿ ಇದಕ್ಕೇನಂತಾರೆ?"

ದಖ್ಖನಿನ ಕಲ್ಲುಗುಡ್ಡಗಳಲ್ಲಿ ಕಾಡು ಲ್ಯಾವೆಂಡರನ್ನು ನೋಡಿದ ಕುರಿಗಾಹಿಗಳು, ಅಜ್ಜಿಯರು ಅದನ್ನು ಏನೋ ಒಂದು ಹೆಸರಿನಿಂದ ಕರೆದೇ ಇರುತ್ತಾರೆ. ನನಗದು ತಿಳಿಯದು. ಲ್ಯಾವೆಂಡರ್ ಎಂದೇ ಕನ್ನಡದಲ್ಲಿ ಬರೆ ಎಂದೆ. ಕೆಳಗೆ ಸ್ವಲ್ಪ ಜಾಗ ಬಿಡಲು ಹೇಳಿದೆ. ತಿಳಿದವರು ಯಾರಾದರೂ ಮನೆಗೆ ಬಂದರೆ ತುಂಬಿಸಲಿ.